ತೊಗಲಿಗೆ ಕೆಂಪು ಬಂದ ವರ್ಷ

ಹೋದ ತಿಂಗಳು ನ್ಯಾಮತಿಯ ಬಸ್ ನಿಲ್ದಾಣದಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದಾಗ, ಎದುರಿನ ಚಹಾದಂಗಡಿಯ ಮುಂದೆ ತಾಡಪಾಲು ಹೊದಿಸಿದ ಲಾರಿಯೊಂದು ಬಂದು ನಿಂತಿತು. ನಿಂತ ಕ್ಷಣಕ್ಕೇ ಬೆಂಚಿನ ಮೇಲಿದ್ದವರೆಲ್ಲ ಸೆರಗನ್ನೋ ಟವೆಲನ್ನೋ ಮೂಗಿಗೆ ಒತ್ತಿಕೊಂಡು ಎದ್ದುಹೋದರು. ನಾನು ಏಳಲಿಲ್ಲ. ಅದು ಉಪ್ಪು ಹಚ್ಚಿದ ಕುರಿ ತೊಗಲಿನ ವಾಸನೆ. ಹಸಿ ಮಾಂಸದ್ದಲ್ಲ, ಕೊಳೆತದ್ದೂ ಅಲ್ಲ. ಒದ್ದೆ ಉಪ್ಪು, ಉಣ್ಣೆ, ಗೋಣಿಚೀಲ ಮೂರೂ ಸೇರಿ ಆಗುವ ಮಂದವಾದ ಘಾಟು. ಆ ಮೂರನ್ನೂ ಬಿಡಿಸಿ ಹೇಳಬಲ್ಲಷ್ಟು ಪರಿಚಯ ನನಗೆ ಅದರೊಂದಿಗಿದೆ. ಆ ಪರಿಚಯವಾದ ವರ್ಷವನ್ನು ನೆನೆದಾಗಲೆಲ್ಲ ಸಿಟ್ಟು ಬರುತ್ತದೆ. ಇಷ್ಟು ವರ್ಷಗಳಲ್ಲಿ ಆ ಸಿಟ್ಟು ಹಳೆಯದಾಗಬೇಕಾಗಿತ್ತು, ಆಗಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ಎಂಬತ್ತರ ದಶಕ ಆಗ ತಾನೇ ಆರಂಭವಾಗಿತ್ತು. ನಾನು ಚನ್ನಗಿರಿಯವಳು. ವಿಜ್ಞಾನ ಶಿಕ್ಷಕಿಯಾಗಿ ನನಗೆ ಮೊದಲ ನೇಮಕ ಸಿಕ್ಕಿದ್ದು ಜಗಳೂರು ತಾಲ್ಲೂಕಿನಲ್ಲಿ, ಬಿಳಿಚೋಡಿನಿಂದ ಒಳಕ್ಕೆ ಹೋಗುವ ಮಣ್ಣುರಸ್ತೆಯ ಮೇಲಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಕಾಲುವೆಯ ನೀರು ನೋಡಿಕೊಂಡು ಬೆಳೆದವಳಿಗೆ ಆ ಸೀಮೆ ಬೇರೊಂದು ದೇಶದಂತೆ ಕಂಡಿತು. ಗಾಳಿ, ಕಲ್ಲು, ಶೇಂಗಾ, ಸಜ್ಜೆ, ಎತ್ತ ನೋಡಿದರೂ ಕುರಿ. ಕುರಿ ಇದ್ದಲ್ಲಿ ತೊಗಲೂ ಇರಬೇಕಷ್ಟೆ. ಶಾಲೆಗೂ ಕೇರಿಗೂ ನಡುವೆ ಸಿಮೆಂಟ್ ಶೀಟು ಹೊದಿಸಿದ ಉದ್ದನೆಯ ಶೆಡ್ಡೊಂದಿತ್ತು. ಸುತ್ತಲಿನ ಸಂತೆಗಳಿಂದ ಬಂದ ಹಸಿ ತೊಗಲನ್ನು ಅಲ್ಲಿ ತೊಳೆದು, ಹರವಿ, ಒಳಮೈಗೆ ಉಪ್ಪು ತಿಕ್ಕಿ, ಒಂದರ ಮೇಲೊಂದು ಒಟ್ಟುತ್ತಿದ್ದರು. ಹೊನ್ನಾಳಿಯ ವ್ಯಾಪಾರಿ ಬಾಷಾ ಸಾಬರು ಆಗಾಗ ಲಾರಿ ತಂದು ಒಯ್ಯುತ್ತಿದ್ದರು. ಶೆಡ್ಡು ಒಂದು ಸಂಘದ್ದು. ಸಂಘವೆಂದರೆ ಅದರ ಸೆಕ್ರೆಟರಿ ಬಸವನಗೌಡರು. ಉಪ್ಪು ಹಚ್ಚುವವರೆಲ್ಲ ಕೇರಿಯ ಹೆಂಗಸರು.

ಅವರಲ್ಲೊಬ್ಬಳು ಓಬಕ್ಕ. ನನ್ನ ಬಾಡಿಗೆ ಕೋಣೆ ಅವಳು ಕೆಲಸಕ್ಕೆ ಹೋಗುವ ದಾರಿಯಲ್ಲಿತ್ತು. ಒಂದು ಬೆಳಗ್ಗೆ ಅವಳು ಬಾಗಿಲಲ್ಲಿ ನಿಂತು, ಸೊಂಟದಿಂದ ಒಂದು ತೆಳು ಪುಸ್ತಕ ತೆಗೆದು, "ಟೀಚರಮ್ಮ, ಇದ್ರಾಗೆ ಏನೈತೆ ಅಂತ ವಸಿ ಓದಿ ಹೇಳ್ರಿ. ನಮ್ಮೆಜಮಾನ ತಂದೈತೆ, ಓದಾಕೆ ಅದುಕ್ಕೂ ಬರಾದಿಲ್ಲ" ಎಂದಳು. ಬುದ್ಧನ ಜೀವನ ಮತ್ತು ಉಪದೇಶವನ್ನು ಕುರಿತ ಪುಸ್ತಕ ಅದು. ಹಿಂದಿನ ವರ್ಷ ಅವಳ ಗಂಡ ಮೈಲಾರಿ ಕೇರಿಯ ಇನ್ನು ಕೆಲವರೊಡನೆ ಪಟ್ಟಣಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಿದ್ದ. ನಾನು ಓದತೊಡಗಿದೆ, ಪುಟಪುಟಕ್ಕೂ ಅಚ್ಚಿನ ತಪ್ಪುಗಳು. ತಿದ್ದಿ ತಿದ್ದಿ ಓದುವುದನ್ನು ಕಂಡು ಅವಳು, "ಪುಸ್ತಕದಾಗೆ ಇಷ್ಟು ತಪ್ಪೈತೆ ಅಂದ್ರೆ, ಆ ಪುಣ್ಯಾತ್ಮ ಹೇಳಿದ್ದೂ ತಪ್ಪೇನ್ರೀ?" ಎಂದು ಕೇಳಿದಳು.

"ಹೇಳಿದ್ದು ಸರಿಯಾಗಿದೆ. ಅಚ್ಚು ಹಾಕಿದವನು ಸರಿಯಿಲ್ಲ."

"ಹಂಗನ್ರಿ ಮತ್ತೆ. ನಾನು ಹೆದ್ರಿಬಿಟ್ಟಿದ್ದೆ."

ದೀಕ್ಷೆ ತೆಗೆದುಕೊಂಡ ಮೈಲಾರಿ ದೇವರ ಪಟಗಳನ್ನು ಹೊಳೆಗೆ ಬಿಟ್ಟು ಸುಮ್ಮನಾದ. ಓಬಕ್ಕ ಸುಮ್ಮನಾಗಲಿಲ್ಲ. ತಿಂಗಳಿನ ಆ ದಿನಗಳಲ್ಲಿ ಹೊರಗೆ ಕೂರುವುದನ್ನು ಅವಳು ಬಿಟ್ಟುಬಿಟ್ಟಳು. ಉಪ್ಪು, ಉಪ್ಪಿನಕಾಯಿ ಮುಟ್ಟಬಾರದೆಂಬ ಮನೆಯ ಕಟ್ಟಳೆ ಶೆಡ್ಡಿನಲ್ಲಿಯೂ ನಡೆಯುತ್ತಿತ್ತು. ಹೊರಗಾದ ಹೆಂಗಸು ನಾಲ್ಕು ದಿನ ಕೆಲಸಕ್ಕೆ ಬರುವಂತಿಲ್ಲ. ಆ ದಿನಗಳ ಕೂಲಿಯೂ ಇಲ್ಲ. ಓಬಕ್ಕ ಮಾತ್ರ ಎಲ್ಲ ದಿನವೂ ಬಂದಳು. ಮುಚ್ಚಿಟ್ಟುಕೊಂಡು ಬಂದದ್ದಲ್ಲ, ಕೇಳಿದವರಿಗೆ ಹೇಳಿಯೇ ಬಂದಳು. ಜೊತೆಯ ಗಂಗಮ್ಮ, "ಏ ಓಬಿ, ನಿನ್ನ ಬುದ್ಧ ಉಪ್ಪಿಗೂ ದೀಕ್ಷೆ ಕೊಟ್ಟವ್ನೇನೇ" ಎಂದು ನಗುತ್ತಿದ್ದಳು. ನಗೆಯಲ್ಲಿಯೇ ಒಂದು ವರ್ಷ ಕಳೆಯಿತು.

ಮರುವರ್ಷ ಮಳೆ ತಪ್ಪಾದ ಹೊತ್ತಿಗೆ ಬಂತು. ಆಷಾಢವೆಲ್ಲ ಬರೀ ಗಾಳಿ. ಶೇಂಗಾ ಕೀಳುವ ಹೊತ್ತಿಗೆ, ನವರಾತ್ರಿಯ ಆಸುಪಾಸಿನಲ್ಲಿ, ಹಗಲು ಸುಡುವ ಬಿಸಿಲು, ಸಂಜೆ ಧೋ ಎಂದು ಮಳೆ. ಶೆಡ್ಡಿನ ನೆಲ ಆರಲೇ ಇಲ್ಲ. ಒಳಗೆ ಕಾಲಿಟ್ಟರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಬಿಸಿ ಹಬೆ. ಒಂದು ದಿನ ಬಾಷಾ ಸಾಬರು ಒಟ್ಟಿಲಿನ ಮೇಲಿನ ತೊಗಲನ್ನು ಎತ್ತಿ ತಿರುವಿದಾಗ, ಒಳಮೈಯಲ್ಲಿ ಕುಂಕುಮ ನೀರು ಚಿಮುಕಿಸಿದಂತೆ ಕೆಂಪು ಕಂಡಿತು. ಇನ್ನೊಂದನ್ನು ತಿರುವಿದರು, ಅಲ್ಲಿಯೂ ಕೆಂಪು. ಬೆರಳಿನಿಂದ ಒರೆಸಿದರೆ ಲೋಳೆ. ಅವರು ಲಾರಿಯನ್ನು ಖಾಲಿಯೇ ತಿರುಗಿಸಿಕೊಂಡು ಹೋದರು. ಮುಂದಿನ ಸಲವೂ ಹಾಗೆಯೇ ಆಯಿತು.

ಬಸವನಗೌಡರು ಮರುದಿನ ಹೆಂಗಸರನ್ನೆಲ್ಲ ಶೆಡ್ಡಿನಲ್ಲಿ ನಿಲ್ಲಿಸಿದರು. ನಾನು ಶಾಲೆಗೆ ಹೋಗುವವಳು ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ.

"ನಿಮ್ಮಾಗೆ ಹೊರಗೆ ಕೂರದೋಳು ಯಾರು?"

ಓಬಕ್ಕನೇ ಮುಂದೆ ಬಂದಳು. "ನಾನೇ ಗೌಡ್ರೇ. ಊರಿಗೆಲ್ಲ ಗೊತ್ತಿರಾದೇ, ಕೇಳಾದೇನೈತೆ?"

"ಬುದ್ಧನ್ನ ತಂದು ಮನೆಯಾಗೆ ಇಟ್ಕಂಡೆ, ನಾನೇನಾರ ಅಂದ್ನಾ? ಉಪ್ಪಿನಾಗೆ ಯಾಕೆ ತಂದೆ?"

"ಕೆಂಪು ನಾನ್ ಹಚ್ಚಿದ್ದಕ್ಕಷ್ಟೇ ಬಂದಿಲ್ಲ. ಗಂಗಮ್ಮ ಹಚ್ಚಿದ್ದಕ್ಕೂ ಐತೆ, ನೋಡ್ರಿ."

"ಉಪ್ಪು ಒಂದೇ ಗುಡ್ಡೆ ಅಲ್ಲೇನು? ನೀ ಕೈಯಿಕ್ಕಿದ ಗುಡ್ಡೆಗೇ ಅವಳೂ ಕೈಯಿಕ್ಕಿದ್ದು."

ಇಲ್ಲಿಯೇ ನನಗೆ ಮೊದಲ ಸಲ ಸಿಟ್ಟು ಬಂದದ್ದು. ಕೆಡುಕು ಉಪ್ಪಿನ ಗುಡ್ಡೆಯಿಂದ ಹರಡಿತೆಂಬುದು ನಿಜ. ಆ ನಿಜ ಗೌಡರ ಬಾಯಿಂದಲೇ ಬಂದಿತ್ತು. ಆದರೆ ಅವರು ಗುಡ್ಡೆಯನ್ನು ಬಿಟ್ಟು ಹೆಣ್ಣನ್ನು ಹಿಡಿದರು. ಆ ಗುಡ್ಡೆಯಾದರೂ ಎಂಥದು? ಒಣಗಿದ ತೊಗಲಿನಿಂದ ಉದುರಿದ ಉಪ್ಪನ್ನು ಗುಡಿಸಿ ಎತ್ತಿ, ಹೊಸ ತೊಗಲಿಗೆ ಅದನ್ನೇ ಮತ್ತೆ ಹಚ್ಚಬೇಕು, ಒಂದು ಹಿಡಿಯೂ ಹೊರಗೆ ಹೋಗಬಾರದು ಎಂದು ಅಪ್ಪಣೆ ಮಾಡಿದ್ದವರು ಅವರೇ. ಒಂದೇ ಉಪ್ಪು ವರ್ಷಾನುಗಟ್ಟಲೆ ತೊಗಲಿಂದ ತೊಗಲಿಗೆ ಸುತ್ತುತ್ತಿತ್ತು. ಓಬಕ್ಕನಿಗೆ ಅವರು ಅಂದು ಹೇಳಿದ್ದು ಇಷ್ಟೇ: "ನಾನು ಹೇಳಿ ಕಳ್ಸೋ ತನಕ ಬರಬ್ಯಾಡ."

ನನಗೆ ಆ ಕೆಂಪಿನ ಕಾರಣ ಗೊತ್ತಿತ್ತು. ಗೊತ್ತಿದ್ದದ್ದು ನನ್ನ ಜಾಣತನದಿಂದಲ್ಲ. ಅದೇ ಬೇಸಿಗೆಯಲ್ಲಿ ಶಿಕ್ಷಕರ ತರಬೇತಿಗೆ ಹೋಗಿ ಬಂದಿದ್ದೆ. ಅಲ್ಲಿ ಅಧ್ಯಾಪಕರೊಬ್ಬರು ಗೋಡೆಯ ಮೇಲೆ ಸ್ಲೈಡು ಹಾಕಿ, ಉಪ್ಪು ತೆಗೆಯುವ ಉಪ್ಪಳಗಳಲ್ಲಿ ಬದುಕುವ ಸೂಕ್ಷ್ಮಜೀವಿಯೊಂದರ ಪೊರೆಯನ್ನು ತೋರಿಸಿದ್ದರು. ಜೀವಕೋಶವನ್ನು ಸುತ್ತುವ ಪೊರೆಯೆಂದರೆ ಕೊಬ್ಬಿನ ತೆಳುಪದರ, ಅದರಲ್ಲಿ ಪ್ರೋಟೀನುಗಳು ಗೊತ್ತುಗುರಿಯಿಲ್ಲದೆ ತೇಲುತ್ತಿರುತ್ತವೆ ಎಂದೇ ನಾವು ಕಲಿತಿದ್ದೆವು. ಈ ಪೊರೆಯಲ್ಲಿ ಅಲ್ಲಲ್ಲಿ ನೇರಳೆ ಬಣ್ಣದ ತೇಪೆಗಳಿದ್ದವು. ಒಂದೊಂದು ತೇಪೆಯ ತುಂಬ ಒಂದೇ ಬಗೆಯ ಪ್ರೋಟೀನು. ಅದರ ಅಣುಗಳು ಮೂರು ಮೂರಾಗಿ ಗುಂಪುಗೂಡಿ, ಪ್ರತಿ ಗುಂಪಿನ ಸುತ್ತ ಅಂಥವೇ ಆರು ಗುಂಪುಗಳು ಕುಳಿತು, ಜೇನುಹುಟ್ಟಿನಂತೆ ಸಾಲು ತಪ್ಪದೆ ಹರಡಿದ್ದವು. ನಡುವಣ ಸಂದುಗಳಲ್ಲಿ ಕೊಬ್ಬಿನ ಅಣುಗಳು, ಕಲ್ಲುಗಳ ನಡುವಣ ಗಾರೆಯಂತೆ. ಬೆಳಕು ಬಿದ್ದರೆ ಪ್ರತಿಯೊಂದು ಪ್ರೋಟೀನೂ ಚಿಕ್ಕ ಪಂಪಿನಂತೆ ಕೋಶದೊಳಗಿನ ಪ್ರೋಟಾನುಗಳನ್ನು ಹೊರಕ್ಕೆ ನೂಕುತ್ತದೆ. ಆ ಜೀವಿ ತನ್ನ ಬದುಕಿಗೆ ಬೇಕಾದ ಶಕ್ತಿಯನ್ನು ಅದರಿಂದ ಪಡೆಯುತ್ತದೆ. ಅಷ್ಟು ಅಚ್ಚುಕಟ್ಟಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ಇವನ್ನು ಹೀಗೆ ಕೂರಿಸುವವರು ಯಾರು?" ಎಂದು ಕೇಳಿದೆ. "ಯಾರೂ ಇಲ್ಲ. ಒಂದರ ಮೈ ಇನ್ನೊಂದರ ಮೈಗೆ ಹೊಂದುತ್ತದೆ. ಸಾಕಷ್ಟು ಒತ್ತಾಗಿ ಸೇರಿದಾಗ ತಾವೇ ಸಾಲಾಗುತ್ತವೆ" ಎಂದರು ಅಧ್ಯಾಪಕರು. ಉಪ್ಪಿಲ್ಲದಿದ್ದರೆ ಈ ಜೀವಿಗಳು ಒಡೆದು ಸಾಯುತ್ತವೆ. ಉಪ್ಪುಮೀನನ್ನೂ ಉಪ್ಪು ಹಚ್ಚಿದ ತೊಗಲನ್ನೂ ಕೆಂಪು ಮಾಡುವುದು ಇವುಗಳ ಬಳಗವೇ ಎಂಬುದನ್ನೂ ಸೇರಿಸಿದರು. ಆ ಕೆಂಪು ನೇರಳೆ ತೇಪೆಯದಲ್ಲ, ಅದೇ ಪೊರೆಯಲ್ಲಿರುವ ಮತ್ತೊಂದು ಬಣ್ಣದ್ದು. ಒಂದನ್ನು ಇನ್ನೊಂದೆಂದು ಹೇಳುವುದು ನನಗೆ ಆಗದ ಕೆಲಸ. ಅದಕ್ಕಾಗಿ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಅಂದು ಸಂಜೆ ಓಬಕ್ಕನ ಮನೆಗೆ ಹೋದೆ. ಊಟದ ತಟ್ಟೆಯಲ್ಲಿ ಒಣ ಬಟಾಣಿ ಸುರಿದು ಮೆಲ್ಲಗೆ ಅಲ್ಲಾಡಿಸಿದೆ. ಕಾಳುಗಳು ಸರಿದು ಸರಿದು, ಒಂದರ ಸುತ್ತ ಆರರಂತೆ ತಾವೇ ಕೂತವು. ಆ ಜೀವಿಯ ಪೊರೆ ಹೀಗೆ, ಕೆಂಪು ಬಂದದ್ದು ಅಂಥ ಜೀವಿಗಳಿಂದ, ಅವು ಬಂದದ್ದು ಹಳೆಯ ಉಪ್ಪಿನಿಂದ ಎಂದು ಒಂದೊಂದಾಗಿ ಹೇಳಿದೆ. ಓಬಕ್ಕ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ತಾನೂ ಅಲ್ಲಾಡಿಸಿ ನೋಡಿದಳು.

"ಯಾರೂ ಹೇಳಾದು ಬ್ಯಾಡ, ಹಂಗೇ ಕೂರ್ತಾವಾ?"

"ಹಾಗೇ ಕೂರುತ್ತವೆ."

"ಇವ್ರಾಗೆ ಹೊರಗೆ ಕೂರೋವು ಇಲ್ಲ ಅನ್ರಿ." ಮೂಲೆಯಲ್ಲಿದ್ದ ಮೈಲಾರಿ ನಕ್ಕ. ಅವಳು ನಗಲಿಲ್ಲ. "ಟೀಚರಮ್ಮ, ಇದುನ್ನ ಗೌಡ್ರಿಗೆ ತೋರ್ಸಾಕೆ ಆಗ್ತೈತಾ? ಬಟಾಣಿ ಅಲ್ಲ. ಉಪ್ಪಿನ ತಪ್ಪು ಉಪ್ಪಿಂದೇ ಅಂತ."

ತೋರಿಸಬಹುದಿತ್ತು. ಒಂದೇ ಕುರಿಯ ತೊಗಲಿನಿಂದ ಎರಡು ತುಂಡು. ಶೆಡ್ಡಿನ ಹಳೆಯ ಉಪ್ಪನ್ನೇ ಎರಡು ಪಾಲು ಮಾಡಿ, ಒಂದನ್ನು ಇದ್ದಂತೆಯೇ ಬಿಟ್ಟು, ಇನ್ನೊಂದನ್ನು ಕಬ್ಬಿಣದ ಬಾಣಲೆಯಲ್ಲಿ ಚಟಪಟ ಎನ್ನುವವರೆಗೆ ಹುರಿಯುವುದು. ಎರಡನ್ನೂ ಓಬಕ್ಕನೇ ಹಚ್ಚಬೇಕು, ಅದೂ ಅವಳ ಆ ದಿನಗಳಲ್ಲಿಯೇ ಹಚ್ಚಬೇಕು. ಕೈ ಒಂದು, ದಿನ ಒಂದು, ತೊಗಲು ಒಂದು. ಬೇರೆಯಾದದ್ದು ಉಪ್ಪಿನ ಹುರಿತ ಮಾತ್ರ. ಗೌಡರು ಕೇಳಿ ನಕ್ಕು, "ಮಾಡ್ರಿ ಟೀಚರ್ರೇ, ನಿಮಗೂ ಹೊತ್ತು ಹೋಗ್ಬೇಕಲ್ಲ" ಎಂದರು. ತೊಡಕಾದದ್ದು ಶಾಲೆಯಲ್ಲಿ. ಪ್ರಯೋಗಾಲಯದ ಕಪಾಟಿನಲ್ಲಿ ತುಂಡುಗಳನ್ನು ಇಡುತ್ತೇನೆಂದಾಗ ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದರು.

"ಅದು ಹೆಂಗಾಗುತ್ತೆ ಟೀಚರ್ರೇ? ಸತ್ತ ಕುರೀದು. ಮೇಲೆ ಆ ಹೆಂಗಸು ಅಂಥಾ ದಿನ ಮುಟ್ಟಿದ್ದು. ಸರಸ್ವತಿ ಇರೋ ಜಾಗ ಇದು."

"ಪಕ್ಕದ ಕೋಣೆಯಲ್ಲಿ ತಬಲ ಇದೆಯಲ್ಲ ಸಾರ್, ಅದರ ಮೇಲಿರುವುದು ಯಾವುದರ ತೊಗಲು?"

"ಅದು ವಾದ್ಯ."

ವಿದ್ಯಾವಂತರ ಇಂಥ ಮಾತಿಗೆ ತಲೆಯಿರುವುದಿಲ್ಲ, ಬಾಲವಿರುವುದಿಲ್ಲ, ಅಧಿಕಾರ ಮಾತ್ರ ಇರುತ್ತದೆ. ಕೊನೆಗೆ ಶಾಲೆಯ ಹಿತ್ತಲಿನ ಸೌದೆ ಕೋಣೆ ಸಿಕ್ಕಿತು. ಎರಡು ತುಂಡುಗಳನ್ನು ಎರಡು ಮಡಕೆಗಳಲ್ಲಿಟ್ಟು, ಒದ್ದೆ ಗೋಣಿ ಹೊದಿಸಿ, ಶೆಡ್ಡಿನ ಹಬೆಯೇ ಇಲ್ಲಿಯೂ ಇರುವಂತೆ ನೋಡಿಕೊಂಡೆ. ದೀಪಾವಳಿ ರಜೆ ಮುಗಿಸಿ ಬಂದು ತೆರೆದಾಗ, ಹುರಿಯದ ಉಪ್ಪಿನ ತುಂಡು ದಾಸವಾಳದಂತೆ ಕೆಂಪಾಗಿತ್ತು. ಹುರಿದ ಉಪ್ಪಿನದು ಹಚ್ಚಿದ ದಿನ ಹೇಗಿತ್ತೋ ಹಾಗೆಯೇ ಬಿಳಿಚಿಕೊಂಡಿತ್ತು.

ಎರಡನ್ನೂ ಶೆಡ್ಡಿಗೆ ಒಯ್ದು ಹೆಂಗಸರ ಎದುರಿಗೇ ಗೌಡರ ಮುಂದಿಟ್ಟೆ. ಅವರು ಎರಡನ್ನೂ ತಿರುವಿ ತಿರುವಿ ನೋಡಿದರು. ಅವರು ದಡ್ಡರಲ್ಲ. ದಡ್ಡರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

"ಎರಡೂ ಇವಳೇ ಹಚ್ಚಿದ್ದಾ?"

"ಇವಳೇ. ಆ ದಿನಗಳಲ್ಲೇ."

"ಸರಿ," ಎಂದು ಎದ್ದು ನಿಂತರು. "ಆತು ಓಬಿ, ನಾಳೆಯಿಂದ ಬಾ. ಆದ್ರೆ ಎಲ್ಲರ ಹಂಗೆ ಆ ನಾಲ್ಕು ದಿನ ಹೊರಗೆ ಕೂರು. ಊರೊಳಗೆ ಒಂದು ರೀತಿ ಅಂತ ಇರ್ತೈತಲ್ಲ."

ನಾನು ಹೇಳಿದೆ: "ಗೌಡರೇ, ಉಪ್ಪು, ಅವಳು ಬರುವ ದಿನ, ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ. ಮೊದಲು ಉಪ್ಪನ್ನು ಮಾತ್ರ ಬದಲಾಯಿಸಿ. ಓಬಕ್ಕ ಎಂದಿನ ಹಾಗೆ ಎಲ್ಲ ದಿನವೂ ಬರಲಿ. ಆಗಲೂ ಕೆಂಪು ಬಂದರೆ ನಿಮ್ಮ ಮಾತು ಒಪ್ಪುತ್ತೇನೆ."

"ಟೀಚರ್ರೇ, ಇದು ಶೆಡ್ಡು, ನಿಮ್ಮ ಕ್ಲಾಸಲ್ಲ."

ಓಬಕ್ಕ ಕೈಯೊರೆಸಿಕೊಂಡು, "ನನ್ನ ತಪ್ಪಿಲ್ಲ ಅಂತ ಕಣ್ಣಾರೆ ನೋಡಿದ್ರಿ. ಮತ್ತೆ ಕೂರಾದು ಯಾತುಕ್ಕೆ ಗೌಡ್ರೇ?" ಎಂದು ಕೇಳಿದಳು. ಗೌಡರು ಬೆನ್ನು ತಿರುಗಿಸಿ ಒಟ್ಟಿಲಿನ ಕಡೆ ನಡೆದರು. ಅವಳು ಹೊರಟಳು. ದಾರಿಯಲ್ಲಿ ನಮ್ಮ ಜೊತೆಗೂಡಿದ ಮೈಲಾರಿ ನಡೆದದ್ದನ್ನು ಕೇಳಿ, "ನಾಲ್ಕು ದಿನ ಕೂತ್ರೆ ನಿನ್ನ ಗಂಟೇನು ಹೋಗ್ತೈತೆ? ಬಾಯಿಮಾತಿಗೆ ಹ್ಞೂಂ ಅಂದಿದ್ರೆ ಆಗಿತ್ತು" ಎಂದು ಗೊಣಗಿದ.

"ದೀಕ್ಷೆ ತಗಂಡೋನು ನೀನು. ಬಿಟ್ಟೋಳು ನಾನು. ಬಿಟ್ಟೋರಿಗೆ ಗೊತ್ತು, ಸುಮ್ನೆ ನಡಿ" ಎಂದಳು ಅವಳು.

ಗೌಡರು ಮುಂದೆ ಮಾಡಿದ್ದನ್ನು ಬರೆಯುವಾಗ ನನ್ನ ಅಕ್ಷರ ಈಗಲೂ ದೊಡ್ಡದಾಗುತ್ತದೆ. ಅದೇ ವಾರ ಅವರು ಹಳೆಯ ಉಪ್ಪನ್ನೆಲ್ಲ ಹಳ್ಳಕ್ಕೆ ಚೆಲ್ಲಿಸಿದರು. ಹೊಸ ಉಪ್ಪು ತರಿಸಿ, ಅಂಗಳದಲ್ಲಿ ಒಲೆ ಹೂಡಿಸಿ, ದೊಡ್ಡ ಕಬ್ಬಿಣದ ಹಂಚಿನಲ್ಲಿ ಹುರಿಸಿದರು. ನೆಲ ತೊಳೆಸಿದರು, ಸುಣ್ಣ ಬಳಿಸಿದರು. ನಾನು ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಆದರೆ ಊರಿಗೆ ಅವರು ಹೇಳಿದ ಹೆಸರು ಬೇರೆ. ಪೂಜಾರಪ್ಪನನ್ನು ಕರೆಸಿ, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿಸಿ, ತೀರ್ಥ ಚಿಮುಕಿಸಿ, ಶೆಡ್ಡಿನ ಶುದ್ಧಿಯಾಯಿತು ಎಂದರು. ಕೆಂಪು ಹೋಯಿತು. ಹೋಗಲೇಬೇಕಾಗಿತ್ತು. ಬಾಷಾ ಸಾಬರ ಲಾರಿ ತುಂಬಿಕೊಂಡು ಹೋಯಿತು. ಓಬಿ ಹೋದಳು, ಕೆಂಪೂ ಹೋಯಿತು ಎಂದು ಊರು ಮಾತನಾಡಿಕೊಂಡಿತು. ಬಾವಿಕಟ್ಟೆಯಲ್ಲಿ, ಬಸ್ಸಿನಲ್ಲಿ, ಶಾಲೆಯ ಶಿಕ್ಷಕರ ಕೋಣೆಯಲ್ಲಿಯೂ ನಾನು ಆ ಮಾತನ್ನು ಕೇಳಿದೆ. ಮುಖ್ಯೋಪಾಧ್ಯಾಯರು, "ನೋಡಿದ್ರಾ, ಹಿರಿಯರು ಸುಮ್ಮನೆ ಮಾಡಿರಲ್ಲ" ಎಂದರು. ಎರಡು ತುಂಡುಗಳನ್ನೂ ಅವರು ನೋಡಿದ್ದರು. ಬಣ್ಣ ಬೇರೆಯಾದದ್ದನ್ನು ಕಂಡು, "ವಿಚಿತ್ರ" ಎಂದು ಬಾಯಿಬಿಟ್ಟವರೂ ಅವರೇ.

ಆ ಸೂಕ್ಷ್ಮಜೀವಿಗೆ ತನ್ನ ಪೊರೆಯನ್ನು ನೋಡುವ ಕಣ್ಣಿಲ್ಲ. ಆದರೂ ಅದರ ಅಣುಗಳು ಇರಬೇಕಾದಲ್ಲಿಯೇ ಕೂರುತ್ತವೆ. ನಮ್ಮ ಊರಿಗೆ ಕಣ್ಣಿತ್ತು, ಎದುರಿಗೆ ಎರಡು ತುಂಡು ತೊಗಲಿತ್ತು. ಕಂಡದ್ದನ್ನು ಅದರ ಜಾಗದಲ್ಲಿ ಕೂರಿಸಲು ಮಾತ್ರ ಒಬ್ಬರಿಗೂ ಮನಸ್ಸಾಗಲಿಲ್ಲ.

ಓಬಕ್ಕ ಮನೆಯ ಹಿಂದೆ ಸೋಗೆಯ ಚಪ್ಪರ ಹಾಕಿದಳು. ಕುರಿ ಕೊಯ್ಯುವವರ ಮನೆಗಳಿಂದ ಒಂದೆರಡು ಹಸಿ ತೊಗಲು ತಂದು, ಸಂತೆಯ ಉಪ್ಪನ್ನು ರೊಟ್ಟಿ ಹಂಚಿನ ಮೇಲೆ ಹುರಿದು, ತಾನೇ ಹಚ್ಚತೊಡಗಿದಳು. ತಿಂಗಳ ಎಲ್ಲ ದಿನವೂ ಹಚ್ಚಿದಳು. ಕೇರಿಯ ಕೆಲವರು ಆ ಚಪ್ಪರದ ಕಡೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಊರಿನವರು ಕೇರಿಯ ಮೇಲೆ ಹೊರಿಸುವುದನ್ನು ಕೇರಿಯವರು ಅವಳ ಮೇಲೆ ಹೊರಿಸಲು ಹೊರಟಾಗ, ನನಗೆ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯುತ್ತಿರಲಿಲ್ಲ.

ಬೇಸಿಗೆ ಬಂತು. ನನಗೆ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಕಡೆಗೆ ವರ್ಗವಾಯಿತು. ಹೊರಡುವ ಮುಂಚಿನ ವಾರ ಜಗಳೂರು ಸಂತೆಗೆ ಹೋಗಿದ್ದೆ. ತೊಗಲಿನವರ ಸಾಲಿನಲ್ಲಿ ಓಬಕ್ಕ ತನ್ನ ಪುಟ್ಟ ಒಟ್ಟಿಲು ಇಟ್ಟುಕೊಂಡು ಕೂತಿದ್ದಳು. ಶೆಡ್ಡಿಗೆ ಹಸಿ ತೊಗಲು ಕೊಳ್ಳಲು ಬಸವನಗೌಡರೂ ಬಂದಿದ್ದರು. ಹೊರೆ ಹೊರಲು ಗಂಗಮ್ಮ ಮತ್ತು ಇನ್ನಿಬ್ಬರು ಹೆಂಗಸರು ಜೊತೆಗಿದ್ದರು. ಬಾಷಾ ಸಾಬರು ಓಬಕ್ಕನ ಒಟ್ಟಿಲಿನಿಂದ ಒಂದು ತೊಗಲನ್ನು ಎಳೆದು, ಬಿಸಿಲಿಗೆ ಹಿಡಿದು, ಬೆರಳಾಡಿಸಿದರು.

"ಯಾರಮ್ಮ ಹಚ್ಚಿದ್ದು?"

"ನಾನೇ ಸಾಬ್ರೇ."

"ಒಂದು ಚುಕ್ಕೀನೂ ಇಲ್ಲ. ಗೌಡ್ರೇ, ನೋಡ್ರಿ ಇಲ್ಲಿ. ಮಾಲು ಅಂದ್ರೆ ಹಿಂಗಿರಬೇಕು."

ಗೌಡರು ಬಗ್ಗಿ ನೋಡಿದರು. ಮುಖ ಸಣ್ಣದಾಯಿತು. ಆಮೇಲೆ ಹೆಗಲು ಕೊಡವಿ, "ಅದ್ರಾಗೇನೈತೆ ಸಾಬ್ರೇ. ಉಪ್ಪು ಹುರಿದು ಹಚ್ಚವಳೆ, ಅದುಕ್ಕೇ ಬಂದಿಲ್ಲ. ಯಾರು ಹಚ್ಚಿದ್ರೂ ಬರಾದಿಲ್ಲ" ಎಂದರು.

ಓಬಕ್ಕ ಎದ್ದು ನಿಂತಳು. "ಏನಂದ್ರಿ ಗೌಡ್ರೇ?"

ಗೌಡರು ಆಡಿದ ಮಾತು ಅವರಿಗೇ ಆಗ ಕೇಳಿಸಿತು. ಶೆಡ್ಡಿನಲ್ಲಿ ಕೆಂಪು ಬಂದಾಗ ಕಾರಣ ಅವಳು. ಅವಳ ಚಪ್ಪರದಲ್ಲಿ ಬಾರದಿದ್ದಾಗ ಕಾರಣ ಉಪ್ಪು. ಕೆಟ್ಟದ್ದು ಬಂದರೆ ಅವಳ ಲೆಕ್ಕಕ್ಕೆ, ಒಳ್ಳೆಯದು ಬಂದರೆ ಉಪ್ಪಿನ ಲೆಕ್ಕಕ್ಕೆ. ಇಷ್ಟು ದಿನ ನಾನು ಬಾಯಿ ಒಣಗುವ ತನಕ ಹೇಳಿದ್ದನ್ನು ಅವರು ಸಂತೆಯ ನಡುವೆ, ಅವಳಿಗೆ ಒಂದು ಒಳ್ಳೆಯ ಮಾತು ಸಿಗದಿರಲೆಂದು, ತಾವೇ ಹೇಳಿದ್ದರು.

"ಏನೂ ಅಂದಿಲ್ಲ, ಕೂತ್ಕ" ಎಂದರು.

ಓಬಕ್ಕ ಕೂರಲಿಲ್ಲ. ಆದರೆ ಮುಂದಿನ ಮಾತು ಬಂದದ್ದು ಅವಳಿಂದಲ್ಲ. ತಲೆಯ ಮೇಲಿದ್ದ ಹೊರೆಯನ್ನು ನೆಲಕ್ಕೆ ಇಳಿಸಿ ಗಂಗಮ್ಮ ಕೇಳಿದಳು: "ಯಾರು ಹಚ್ಚಿದ್ರೂ ಬರಾದಿಲ್ಲ ಅಂದ್ರಿ. ಹಂಗಾದ್ರೆ ನಾವು ತಿಂಗ್ಳು ತಿಂಗ್ಳು ಕೂಲಿ ಬಿಟ್ಟು ಹೊರಗೆ ಕೂತಿದ್ದು ಯಾತುಕ್ಕೆ ಗೌಡ್ರೇ?"

ಗೌಡರು ಬಾಷಾ ಸಾಬರ ಕಡೆ ತಿರುಗಿ ಬೇರೆ ಮಾತೆತ್ತಿದರು. ಹೊರೆ ನೆಲದ ಮೇಲೆಯೇ ಉಳಿಯಿತು.

ಮುಂದಿನ ತಿಂಗಳಿನಿಂದ ಗಂಗಮ್ಮ ಹೊರಗೆ ಕೂರಲಿಲ್ಲವಂತೆ. ಅವಳ ಹಿಂದೆ ಇನ್ನಿಬ್ಬರೂ ಕೂರಲಿಲ್ಲವಂತೆ. ತೊಗಲು ಕೆಂಪಾಗಲಿಲ್ಲ, ಗೌಡರು ಕಂಡೂ ಕಾಣದವರಂತೆ ಇದ್ದರು. ಇವೆಲ್ಲ ಓಬಕ್ಕ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳುಹಿಸಿದ ಸುದ್ದಿಗಳು. ಅವಳನ್ನು ಮಾತ್ರ ಶೆಡ್ಡಿಗೆ ಯಾರೂ ಕರೆಯಲಿಲ್ಲ. ತಪ್ಪಾಯಿತು ಎಂದು ಯಾರೂ ಅವಳಿಗೆ ಹೇಳಲಿಲ್ಲ. ವರ್ಷಗಳ ಮೇಲೆ ಆ ಊರಿನವರೊಬ್ಬರು ಸಿಕ್ಕಾಗ ಈ ಮಾತೆತ್ತಿದೆ. "ಕರೆದಿದ್ರೂ ಆಯಮ್ಮ ಹೋಗ್ತಿರಲಿಲ್ಲ ಬಿಡ್ರಿ, ಅವಳ ಚಪ್ಪರಾನೇ ಚೆನ್ನಾಗಿ ನಡೀತಿತ್ತು" ಎಂದರು.

ಹೋಗುತ್ತಿರಲಿಲ್ಲವೇನೋ. ಅದು ಅವಳಿಗೆ ಬಿಟ್ಟದ್ದು. ಕರೆಯಬೇಕಾಗಿತ್ತು.